ಬೈಸಿಕೊಳ್ಳುವ ತಾಲೀಮು

ನಾನೊಮ್ಮೆ ಒಬ್ಬರ ಕಾಲರ್ ಹಿಡಿದಿದ್ದೆ. ಆ ಕತೆಯನ್ನು ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ. ಹೇಳಿಕೊಂಡು ತಿರುಗುವಂಥ ಪರಾಕ್ರಮವೇನೂ ಅಲ್ಲ ಅದು. ಹೋದ ಚಳಿಗಾಲ ಅಮೆರಿಕದ ನ್ಯಾಶ್‌ವಿಲ್‌ನ ಲೈಬ್ರರಿಯೊಂದರಲ್ಲಿ, ಒಂದು ಸ್ಟೂಲಿನ ಮೇಲೆ ಕೂತಾಗ ಅದು ಮತ್ತೆ ನೆನಪಿಗೆ ಬಂತು. ಬಂದದ್ದು ಹೋಗಲೇ ಇಲ್ಲ.

ಮಗಳು, ಅಳಿಯ ಇರುವುದು ಅದೇ ಊರಿನಲ್ಲಿ. ನಾನೂ ನನ್ನಾಕೆಯೂ ಆರು ತಿಂಗಳಿಗೆಂದು ಹೋಗಿದ್ದೆವು. ಹುಬ್ಬಳ್ಳಿಯ ಬಿಸಿಲು ಕುಡಿದು ಬೆಳೆದ ಮೈ, ಅಲ್ಲಿಯ ಜನವರಿಗೆ ಎರಡು ಸ್ವೆಟರ್ ಸಾಲದು. ಆ ತಿಂಗಳ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನಲ್ಲಿ ದೇಶಕ್ಕೆಲ್ಲ ರಜೆ. ಮೊಮ್ಮಗಳ ಶಾಲೆಯಲ್ಲೂ ಕಿಂಗ್ ಪಾಠ, ಕಿಂಗ್ ಚಿತ್ರಕ್ಕೆ ಬಣ್ಣ ತುಂಬುವುದು ನಡೆದಿತ್ತು. ನಮ್ಮಲ್ಲಿ ಅಕ್ಟೋಬರ್ 2ಕ್ಕೆ ಗಾಂಧಿಗೆ ಕನ್ನಡಕ ಬರೆಸುತ್ತಾರಲ್ಲ, ಹಾಗೆಯೇ. ರಜೆಗೆ ಮುಂಚಿನ ಶನಿವಾರ ಮಗಳು ನಮ್ಮನ್ನೆಲ್ಲ ಊರ ನಡುವಿನ ಚರ್ಚ್ ಸ್ಟ್ರೀಟ್‌ನಲ್ಲಿರುವ ದೊಡ್ಡ ಲೈಬ್ರರಿಗೆ ಕರೆದುಕೊಂಡು ಹೋದಳು.

ಅಲ್ಲಿ ನಾಗರಿಕ ಹಕ್ಕುಗಳ ಹೋರಾಟಕ್ಕೆಂದೇ ಒಂದು ಕೋಣೆ ಇದೆ. ಗೋಡೆಗೆ ಕಪ್ಪುಬಿಳುಪು ಫೋಟೋಗಳು. ನಡುವೆ ಒಂದು ಊಟದ ಕೌಂಟರ್, ಅದರ ಮುಂದೆ ಸ್ಟೂಲುಗಳು. 1960ರಲ್ಲಿ ಈ ಊರಿನ ಅಂಗಡಿಗಳಲ್ಲಿ ಇದ್ದಂಥ ಕೌಂಟರಿನ ನೆನಪಿಗೆ ಕಟ್ಟಿದ್ದು. ಕರಿಯರು ಅಂಗಡಿಯೊಳಗೆ ಬರಬಹುದಿತ್ತು. ದುಡ್ಡು ಕೊಟ್ಟು ಬಟ್ಟೆ, ಪೆನ್ನು, ಆಟಿಕೆ ಕೊಳ್ಳಬಹುದಿತ್ತು. ಅದೇ ಅಂಗಡಿಯ ಇನ್ನೊಂದು ಮೂಲೆಯ ಕೌಂಟರಿನಲ್ಲಿ ಕೂತು ಒಂದು ಕಪ್ ಕಾಫಿ ಕುಡಿಯುವಂತಿರಲಿಲ್ಲ. ನಿಮ್ಮ ದುಡ್ಡು ನಡೆಯುತ್ತದೆ, ನೀವು ನಡೆಯುವುದಿಲ್ಲ ಅನ್ನುವ ಲೆಕ್ಕ. ಬೆಂಚಿನ ಹೋಟೆಲುಗಳಲ್ಲಿ ಬೇರೆ ಲೋಟ ಇಡುತ್ತಿದ್ದ ನಾಡಿನಿಂದ ಹೋದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಕೌಂಟರಿನ ಮೇಲೆ ನಿಯಮಗಳನ್ನು ಬರೆದಿದ್ದಾರೆ. ಧರಣಿ ಕೂರಲು ಹೋದ ಹುಡುಗ ಹುಡುಗಿಯರು ಜೇಬಿನಲ್ಲಿ ಇಟ್ಟುಕೊಂಡಿದ್ದ ಚೀಟಿಯ ನಿಯಮಗಳು. ಹೊಡೆದರೆ ತಿರುಗಿ ಹೊಡೆಯಬೇಡಿ, ಬೈದರೆ ತಿರುಗಿ ಬೈಯಬೇಡಿ. ಜೋರಾಗಿ ನಗಬೇಡಿ. ಮುಂದಾಳು ಹೇಳುವ ತನಕ ಸೀಟು ಬಿಟ್ಟು ಏಳಬೇಡಿ. ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ನೇರ ಕೂತಿರಿ, ಮುಖ ಯಾವಾಗಲೂ ಕೌಂಟರಿನ ಕಡೆಗೇ ಇರಲಿ. ಕೊನೆಯಲ್ಲಿ ಏಸು, ಗಾಂಧಿ, ಕಿಂಗ್ ಕಲಿಸಿದ್ದನ್ನು ನೆನಪಿಡಿ ಅಂತ ಇದೆ. ಇವನ್ನು ಬರೆದವನು ಜಾನ್ ಲೂಯಿಸ್. ಆಗ ಅವನಿಗೆ ಇಪ್ಪತ್ತು ತುಂಬುತ್ತಿತ್ತು. ಜೊತೆಗೆ ಅವನ ಗೆಳೆಯ ಬರ್ನಾರ್ಡ್ ಲಫಾಯೆಟ್.

ಮೊಮ್ಮಗಳು ಅಕ್ಷರ ಕೂಡಿಸಿ ಓದುತ್ತಾ 'ಜೋರಾಗಿ ನಗಬೇಡಿ' ಬಂದಾಗ ಜೋರಾಗಿ ನಕ್ಕಳು. ನಾನು ಸ್ಟೂಲಿನ ಮೇಲೆ ಕೂತು ಬೆನ್ನು ನೇರ ಮಾಡಿದೆ. ಮಗಳು ನೋಡಿ, "ಅಪ್ಪಾ, ಇದು ನಿಮ್ಮ ಕಡೆಯಿಂದ ಆಗೂದಿಲ್ಲ ಬಿಡ್ರಿ" ಅಂದಳು.

ಅವಳು ತಮಾಷೆಗೆ ಅಂದದ್ದು. ನನಗೆ ಬಿಳಿ ಗುಂಡಿಯೊಂದು ಕಣ್ಣಮುಂದೆ ಬಂತು.

ತೊಂಬತ್ತರ ದಶಕ. ನಾನು ಬ್ಯಾಂಕಿನಲ್ಲಿ ಗುಮಾಸ್ತ, ಸಂಘದಲ್ಲಿ ಸಣ್ಣ ಪದಾಧಿಕಾರಿ. ಬ್ಯಾಂಕಿನ ಹೆಸರು ಬೇಡ. ಹಂಗಾಮಿ ಜವಾನರನ್ನು ಕಾಯಂ ಮಾಡಿ ಅಂತ ಧರಣಿ ಕೂತಿದ್ದೆವು. ನಮ್ಮ ಶಾಖೆಯ ಜವಾನ ಹನ್ನೊಂದು ವರ್ಷದಿಂದ ಹಂಗಾಮಿ. ಬೆಳಿಗ್ಗೆ ಬೀಗ ತೆಗೆಯುವವನೂ ಅವನೇ, ರಾತ್ರಿ ಹಾಕುವವನೂ ಅವನೇ. ಧರಣಿ ಶಾಂತಿಯುತವಾಗಿ ಇರಬೇಕು ಅಂತ ಹಿಂದಿನ ದಿನ ಸಭೆಯಲ್ಲಿ ಠರಾವು ಮಾಡಿದ್ದೆವು. ಗಾಂಧಿ ಫೋಟೋ ಇಟ್ಟು ಹಾರ ಹಾಕಿದ್ದೆವು. ಮೂರನೇ ದಿನ ಮಧ್ಯಾಹ್ನ ಒಬ್ಬ ಎಳೆಯ ಆಫೀಸರ್ ನಮ್ಮನ್ನು ದಾಟಿ ಒಳಗೆ ಹೋಗುತ್ತಾ ಆ ಜವಾನನನ್ನು ನೋಡಿ ಏನೋ ಅಂದ. ಏನೆಂದು ಇಲ್ಲಿ ಬರೆಯುವುದಿಲ್ಲ. ಅವನ ಕುಲದ ಮಾತು ಬಂತು ಅಷ್ಟೇ. ನಾನು ಯಾವಾಗ ಎದ್ದೆ, ಯಾವಾಗ ಕಾಲರ್ ಹಿಡಿದೆ, ಗೊತ್ತಿಲ್ಲ. ಅವನ ಅಂಗಿಯ ಒಂದು ಗುಂಡಿ ಕಿತ್ತು ನನ್ನ ಚಪ್ಪಲಿಯ ಹತ್ತಿರ ಬಿತ್ತು, ಬಾಲದಂತೆ ದಾರ ಸಮೇತ. ನನಗೆ ಸ್ಪಷ್ಟವಾಗಿ ನೆನಪಿರುವುದು ಅದೊಂದೇ.

ಮರುದಿನ ಎಲ್ಲರ ಬಾಯಲ್ಲೂ ಕಾಲರಿನದೇ ಮಾತು. ಹಂಗಾಮಿ, ಕಾಯಂ ಎಲ್ಲ ಹಿಂದೆ ಬಿತ್ತು. ಮಾತುಕತೆ ಮುಂದಕ್ಕೆ ಹೋಯಿತು, ಆಮೇಲೆ ನಿಂತೇ ಹೋಯಿತು. ಜವಾನ ಮಾತ್ರ ಎಂದಿನಂತೆ ಚಹಾ ತಂದಿಟ್ಟು, "ಇರ್ಲಿ ಬಿಡ್ರಿ ಸಾಹೇಬ್ರ" ಅಂದ. ಬೈದಿದ್ದರೆ ಒಳ್ಳೆಯದಿತ್ತು.

ನಾನು ಕೆಟ್ಟ ಉದ್ದೇಶದಿಂದ ಹಾಗೆ ಮಾಡಿದೆನೇ? ಇಲ್ಲವಲ್ಲ. ಅವನ ಪರವಾಗಿಯೇ ಎದ್ದವನು ನಾನು. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಇದನ್ನೇ: ಕೋಪ ನನ್ನ ಸ್ವಭಾವ, ಏನು ಮಾಡುವುದು. ಗಾಂಧಿ, ಕಿಂಗ್ ಎಲ್ಲ ಹುಟ್ಟಿನಿಂದಲೇ ತಣ್ಣನೆಯ ರಕ್ತದವರು, ನಮ್ಮಂಥವರ ಮಾತು ಬೇರೆ. ನ್ಯಾಶ್‌ವಿಲ್‌ನ ಆ ಕೋಣೆಯಲ್ಲಿ ಈ ಸಬೂಬು ಕಳಚಿತು. ಕಳಚಿದವರ ಹೆಸರು ಜೇಮ್ಸ್ ಲಾಸನ್.

ಕಿಂಗ್ ಹೆಸರು ಎಲ್ಲರಿಗೂ ಗೊತ್ತು. ಲಾಸನ್ ಹೆಸರು ಆ ಲೈಬ್ರರಿಗೆ ಹೋಗುವ ತನಕ ನಾನೂ ಕೇಳಿರಲಿಲ್ಲ. ಮುಂದಿನ ಎರಡು ತಿಂಗಳು ಅಲ್ಲಿ ನನಗೆ ಇನ್ನೇನು ಕೆಲಸ? ಸಿಕ್ಕಿದ್ದನ್ನೆಲ್ಲ ಓದಿದೆ, ಅವರ ಭಾಷಣ ಹುಡುಕಿ ಕೇಳಿದೆ. 1928ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ ಒಹಾಯೊದ ಮ್ಯಾಸಿಲನ್ ಎಂಬ ಊರಿನಲ್ಲಿ ಬೆಳೆದವರು. ಅಪ್ಪ ಮೆಥಡಿಸ್ಟ್ ಪಾದ್ರಿ. ಆದರೆ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದ ಪಾದ್ರಿ. ತಂಟೆಗೆ ಬಂದರೆ ಬಿಡುವ ಪೈಕಿ ಅಲ್ಲ. ಅಮ್ಮನದು ಬೇರೆ ದಾರಿ.

ಲಾಸನ್ ಚಿಕ್ಕ ಹುಡುಗನಾಗಿದ್ದಾಗ ಅಮ್ಮ ಹೇಳಿದ ಯಾವುದೋ ಕೆಲಸಕ್ಕೆ ಪೇಟೆಗೆ ಹೋಗಿದ್ದರು. ನಿಂತಿದ್ದ ಕಾರಿನ ಕಿಟಕಿಯಿಂದ ಒಬ್ಬ ಬಿಳಿಯ ಪೋರ ಆ ಒಂದು ಬೈಗುಳ ಕೂಗಿದ, ಕರಿಯರನ್ನು ಅಲ್ಲಿ ಯಾವ ಮಾತಿನಿಂದ ಕರೆಯುತ್ತಿದ್ದರೋ ಅದನ್ನು. ಇವರು ಸೀದಾ ಹೋಗಿ ಅವನ ಕೆನ್ನೆಗೆ ಬಾರಿಸಿದರು. ಮನೆಗೆ ಬಂದು ಅಮ್ಮನಿಗೆ ಹೇಳಿದರು, ಸ್ವಲ್ಪ ಹೆಮ್ಮೆಯಿಂದಲೇ ಇರಬೇಕು. ಅಮ್ಮ ಒಲೆಯ ಮುಂದೆ ಅಡುಗೆ ಮಾಡುತ್ತಿದ್ದವರು ತಿರುಗಿ ಕೂಡ ನೋಡಲಿಲ್ಲ. ಕೇಳಿದ್ದು ಇಷ್ಟೇ: "ಅದರಿಂದ ಏನು ಬಂತು, ಜಿಮ್ಮಿ?" ಬೇರೆ ದಾರಿ ಇರಲೇಬೇಕು ಅಂತಲೂ ಅಂದರಂತೆ. ಎಂಬತ್ತು, ತೊಂಬತ್ತು ದಾಟಿದ ಮೇಲೂ ಲಾಸನ್ ಈ ಅಡುಗೆಮನೆಯ ಮಾತನ್ನು ಹೇಳುತ್ತಿದ್ದರು.

ಇಲ್ಲಿ ನನಗೆ ಹಿಡಿಸಿದ್ದು ಆ ಅಮ್ಮನ ಉತ್ತರ ಅಲ್ಲ, ಈ ಹುಡುಗನ ಕೈ. ಅಂದರೆ ಅವರಿಗೂ ಕೈ ಮುಂದಾಗುತ್ತಿತ್ತು!

ಕೊರಿಯಾ ಯುದ್ಧದ ಹೊತ್ತಿಗೆ ಸೈನ್ಯಕ್ಕೆ ಸೇರಲು ಕರೆ ಬಂತು. ಪಾದ್ರಿಯಾಗಲು ಓದುವವರಿಗೆ ವಿನಾಯಿತಿ ಇತ್ತು. ಅದನ್ನು ಕೇಳಿ ತಪ್ಪಿಸಿಕೊಳ್ಳಬಹುದಿತ್ತು. ಕೇಳಲಿಲ್ಲ. ಹೋಗುವುದಿಲ್ಲ ಅಂತ ನೇರ ಹೇಳಿ ಜೈಲಿಗೆ ಹೋದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದರು. ಹೊರಗೆ ಬಂದು, ಓದು ಮುಗಿಸಿ, 1953ರಲ್ಲಿ ಹಡಗು ಹತ್ತಿದರು. ಎಲ್ಲಿಗೆ? ನಾಗಪುರಕ್ಕೆ. ಅಲ್ಲಿಯ ಹಿಸ್ಲಾಪ್ ಕಾಲೇಜಿನಲ್ಲಿ ಹುಡುಗರಿಗೆ ಆಟ ಕಲಿಸುವ ಕೋಚ್ ಆದರು.

ಗಾಂಧಿ ತೀರಿಕೊಂಡು ಐದು ವರ್ಷ ಆಗಿತ್ತು. ಸೇವಾಗ್ರಾಮ ಅಲ್ಲಿಂದ ಕೂಗಳತೆಯಲ್ಲಿ ಇದ್ದಂತೆ. ಗಾಂಧಿಯ ಜೊತೆ ಓಡಾಡಿದ, ಜೈಲು ಕಂಡ ಜನ ಇನ್ನೂ ಗಟ್ಟಿಮುಟ್ಟಾಗಿದ್ದರು. ಸತ್ಯಾಗ್ರಹ ಹೇಗೆ ನಡೆಯಿತು ಅಂತ ಮಾಡಿದವರ ಬಾಯಿಂದಲೇ ಕೇಳಿ ತಿಳಿಯಬಹುದಿತ್ತು. 1955ರ ಡಿಸೆಂಬರ್‌ನಲ್ಲಿ ನಾಗಪುರದ ಪತ್ರಿಕೆಯೊಂದರಲ್ಲಿ ಅವರ ಊರ ಕಡೆಯ ಸುದ್ದಿ ಬಂತು. ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಕರಿಯರು ಬಸ್ ಹತ್ತುವುದನ್ನೇ ನಿಲ್ಲಿಸಿದ್ದಾರೆ, ಇಪ್ಪತ್ತಾರು ವರ್ಷದ ಕಿಂಗ್ ಎಂಬ ಪಾದ್ರಿ ಮುಂದಾಳು. ಓದಿ ಲಾಸನ್ ಕುಣಿದಾಡಿಬಿಟ್ಟರಂತೆ. ತನ್ನ ತಲೆಯಲ್ಲಿ ಇದ್ದದ್ದನ್ನು ಅಲ್ಲಿ ಯಾರೋ ಆಗಲೇ ಶುರು ಮಾಡಿದ್ದಾರೆ!

ನಾಗಪುರ ಅಂದಕೂಡಲೇ ನಾನು ಓದುವುದನ್ನು ನಿಲ್ಲಿಸಿದೆ. ಯಾಕೆಂದರೆ ಆ ಊರಿಗೂ ನಮ್ಮೂರಿಗೂ ಹಳೆಯ ನಂಟು. 1923ರಲ್ಲಿ ಅಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಹುಬ್ಬಳ್ಳಿಯಿಂದಲೂ ಸ್ವಯಂಸೇವಕರು ಹೋಗಿ ಜೈಲು ಸೇರಿದ್ದರು. ಒಳಗಿನ ಹಿಂಸೆ ತಾಳಲಾರದೆ ಬೇರೆ ಎಷ್ಟೋ ಜನ ತಪ್ಪೊಪ್ಪಿಗೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ಹುಡುಗರು ಬರೆದುಕೊಡಲಿಲ್ಲ. ಇದು ಹೇಗೆ ಅಂತ ಕಾಂಗ್ರೆಸ್‌ನ ದೊಡ್ಡವರಿಗೆಲ್ಲ ಬೆರಗು. ಅವರನ್ನು ತಯಾರು ಮಾಡಿದ್ದವರು ಡಾ. ನಾ. ಸು. ಹರ್ಡೀಕರ್, ಅಮೆರಿಕದ ಮಿಶಿಗನ್‌ನಲ್ಲಿ ಓದಿ ಬಂದಿದ್ದ ವೈದ್ಯರು. ಅದೇ ವರ್ಷದ ಕೊನೆಗೆ ಕಾಕಿನಾಡದ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು, ಹುಬ್ಬಳ್ಳಿ ಅದರ ಕೇಂದ್ರವಾಯಿತು. ನಾವು ಶಾಲೆಯಲ್ಲಿ ಸೇವಾದಳ ಅಂದರೆ ಬಿಳಿ ಟೋಪಿ, ಎಡಬಲ ಹೆಜ್ಜೆ, ಕೊನೆಗೆ ಚುರುಮುರಿ ಅಂದುಕೊಂಡಿದ್ದೆವು. ಅದು ಪೆಟ್ಟು ತಿಂದು ನಿಲ್ಲುವ ಕಸುಬಿನ ಶಾಲೆ ಅಂತ ಯಾರೂ ಹೇಳಲಿಲ್ಲ. ಅಥವಾ ಹೇಳಿದ್ದರೇನೋ, ನಮ್ಮ ಗಮನ ಚುರುಮುರಿಯ ಮೇಲಿತ್ತು.

ಇನ್ನೊಂದು ಮಾತು. ಇದೇ ನಾಗಪುರದಲ್ಲಿ 1956ರ ಅಕ್ಟೋಬರ್‌ನಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಗಾಂಧಿಯ ದಾರಿ ಒಪ್ಪದವರು ಅವರು. ಆದರೂ ಅಷ್ಟು ಜನ, ಅಷ್ಟು ಶತಮಾನಗಳ ನೋವು, ಒಂದು ಕಲ್ಲು ಬೀಳಲಿಲ್ಲ. ಅಹಿಂಸೆಯನ್ನು ಒಬ್ಬರದೇ ಸೊತ್ತು ಎಂಬಂತೆ ಮಾತಾಡುವವರಿಗೆ ನಾನು ಇದನ್ನು ನೆನಪಿಸುತ್ತಿರುತ್ತೇನೆ.

ಲಾಸನ್ ಊರಿಗೆ ಮರಳಿದರು. 1957ರ ಫೆಬ್ರವರಿಯಲ್ಲಿ ಅವರು ಓದುತ್ತಿದ್ದ ಓಬರ್ಲಿನ್ ಕಾಲೇಜಿಗೆ ಕಿಂಗ್ ಭಾಷಣಕ್ಕೆ ಬಂದರು. ಊಟದ ಮೇಜಿನಲ್ಲಿ ಇಬ್ಬರಿಗೂ ಮಾತಾಯಿತು. ಇಬ್ಬರದೂ ಒಂದೇ ವಾರಗೆ. ಓದು ಮುಗಿಸಿ ದಕ್ಷಿಣಕ್ಕೆ ಬರಬೇಕು ಅಂದುಕೊಂಡಿದ್ದೇನೆ ಅಂದರು ಲಾಸನ್. ಕಾಯಬೇಡಿ, ಈಗಲೇ ಬನ್ನಿ, ನಿಮ್ಮಂಥವರು ನಮ್ಮಲ್ಲಿ ಯಾರೂ ಇಲ್ಲ ಅಂದರು ಕಿಂಗ್. 1958ರ ಶುರುವಿಗೆ ಲಾಸನ್ ನ್ಯಾಶ್‌ವಿಲ್‌ನಲ್ಲಿದ್ದರು.

ಇಲ್ಲಿಂದ ಮುಂದಿನದೇ ನನಗೆ ಮುಖ್ಯ. ಅವರು ಮೆರವಣಿಗೆ ತೆಗೆಯಲಿಲ್ಲ. ಒಂದು ಚರ್ಚಿನ ನೆಲಮಾಳಿಗೆಯಲ್ಲಿ ತಾಲೀಮು ಶುರು ಮಾಡಿದರು.

ತಾಲೀಮು ಅಂದರೆ ದಕ್ಷಿಣದವರಿಗೆ ನಾಟಕದ ತಾಲೀಮು. ನಮ್ಮ ಕಡೆ ಗರಡಿಮನೆಗೂ ತಾಲೀಮು ಅಂತಲೇ ಹೆಸರು. ಕೆಂಪು ಮಣ್ಣು, ಎಣ್ಣೆ, ಬೆವರು. ಲಾಸನ್ ನಡೆಸಿದ್ದು ಎರಡನ್ನೂ ಒಟ್ಟಿಗೆ. ಕುರ್ಚಿಗಳನ್ನು ಸಾಲಾಗಿ ಇಟ್ಟು ಇದೇ ಅಂಗಡಿಯ ಕೌಂಟರ್ ಅನ್ನುವುದು. ಕೆಲವರು ಕೂರುವವರು. ಉಳಿದವರು ಬಿಳಿಯ ಪುಂಡರ ಪಾತ್ರ. ಪುಂಡರು ಬಂದು ಕೂತವರನ್ನು ಬಾಯಿಗೆ ಬಂದಂತೆ ಬೈಯಬೇಕು. ಮುಖಕ್ಕೆ ಸಿಗರೇಟಿನ ಹೊಗೆ ಬಿಡಬೇಕು. ಕುರ್ಚಿ ಎಳೆಯಬೇಕು, ನೆಲಕ್ಕೆ ಕೆಡವಬೇಕು. ಬಿದ್ದವರು ಮೊಣಕಾಲು ಎದೆಗೆ ಮಡಚಿ, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಉಂಡೆಯಾಗುವುದನ್ನು ಕಲಿತರು. ಹೊಡೆಯುವವನ ಕಣ್ಣು ನೋಡುವುದನ್ನು ಕಲಿತರು. ಒಬ್ಬನ ಮೇಲೆಯೇ ಏಟು ಬೀಳುತ್ತಿದ್ದರೆ ಉಳಿದವರು ತಮ್ಮ ಮೈ ಅಡ್ಡ ಕೊಟ್ಟು ಏಟು ಹಂಚಿಕೊಳ್ಳುವುದನ್ನು ಕಲಿತರು. ಕಲಿತದ್ದನ್ನೇ ಮತ್ತೆ ಮತ್ತೆ ಮಾಡಿದರು, ವಾರ ವಾರವೂ.

ಯೋಚಿಸಿ ನೋಡಿ. ನಿಮ್ಮ ಪಕ್ಕ ಕೂತು ಓದುವ ಗೆಳೆಯನ ಮುಖಕ್ಕೆ ನೀವೇ ಆ ಬೈಗುಳ ಬೈಯಬೇಕು. ಬೈಸಿಕೊಳ್ಳುವುದಕ್ಕಿಂತ ಬೈಯುವ ಪಾತ್ರವೇ ಕಷ್ಟವಾಗಿತ್ತೇನೋ ಅನ್ನಿಸುತ್ತದೆ. ಒಬ್ಬ ಕೋಚ್‌ಗೆ ಮಾತ್ರ ಹೊಳೆಯುವ ಉಪಾಯ ಇದು. ಪಂದ್ಯದ ದಿನ ಕಾಲು ಏನು ಮಾಡಬೇಕೋ ಅದನ್ನು ಕಾಲಿಗೆ ಮೊದಲೇ ಕಲಿಸಿರಬೇಕು. ಕೋಪ ಬರುವುದಿಲ್ಲ ಅಂತಲ್ಲ. ಬಂದಾಗ ಮೈ ಏನು ಮಾಡುತ್ತದೆ ಅನ್ನುವುದು ಪ್ರಶ್ನೆ. ನನ್ನ ಮೈಗೆ ಗೊತ್ತಿದ್ದದ್ದು ಕಾಲರ್ ಒಂದೇ. ನಾವು ಠರಾವು ಮಾಡಿದ್ದೆವು, ತಾಲೀಮು ಮಾಡಿರಲಿಲ್ಲ.

ಆ ನೆಲಮಾಳಿಗೆಗೆ ಬರುತ್ತಿದ್ದವರಲ್ಲಿ ಜಾನ್ ಲೂಯಿಸ್ ಇದ್ದ. ಶಿಕಾಗೋದಿಂದ ಓದಲು ಬಂದಿದ್ದ ಡಯಾನ್ ನ್ಯಾಶ್ ಇದ್ದಳು. ಇದೆಲ್ಲ ನಡೆಯುವ ಮಾತಲ್ಲ ಅಂತ ಅವಳಿಗೆ ಮೊದಮೊದಲು ಅನುಮಾನ. ಆದರೂ ಬರುತ್ತಿದ್ದಳು, ಯಾಕೆಂದರೆ ಊರಿನಲ್ಲಿ ಬೇರೆ ಯಾರೂ ಏನೂ ಮಾಡುತ್ತಿರಲಿಲ್ಲ. ಎಲ್ಲಿಂದ ಶುರು ಮಾಡುವುದು ಅನ್ನುವುದನ್ನು ತೀರ್ಮಾನಿಸಿದವರು ಹೆಂಗಸರು. ಮಕ್ಕಳನ್ನು ಕಟ್ಟಿಕೊಂಡು ಪೇಟೆಗೆ ಹೋಗುವ ತಾಯಂದಿರು. ಮಗುವಿಗೆ ಹಸಿವಾದರೆ ಕೂರಿಸಿ ತಿನ್ನಿಸಲು ಜಾಗ ಇಲ್ಲ, ಒಂದಕ್ಕೆ ಬಂದರೆ ಹೋಗಲು ಶೌಚಾಲಯ ಇಲ್ಲ. ಗಂಡಸರ ಸಭೆಯಾಗಿದ್ದರೆ ಮತದಾನವೋ ಮತ್ತೇನೋ ದೊಡ್ಡ ವಿಷಯ ಎತ್ತಿಕೊಳ್ಳುತ್ತಿದ್ದರು ಅಂತ ನನ್ನಾಕೆಯ ಅಭಿಪ್ರಾಯ. ಇರಬಹುದು.

1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಹುಡುಗರು ಕೌಂಟರಿನಲ್ಲಿ ಕೂತು ಸುದ್ದಿಯಾದರು. ನ್ಯಾಶ್‌ವಿಲ್‌ನವರು ತಯಾರಿದ್ದರು. ಫೆಬ್ರವರಿ 13, ಶನಿವಾರ. ಹಿಮ ಬಿದ್ದಿತ್ತು. 124 ವಿದ್ಯಾರ್ಥಿಗಳು ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು ಪೇಟೆಗೆ ನಡೆದರು. ಹುಡುಗರು ಟೈ ಕಟ್ಟಿದ್ದರು. ಅಂಗಡಿಯಲ್ಲಿ ಮೊದಲು ಏನಾದರೂ ಸಣ್ಣಪುಟ್ಟದ್ದು ಕೊಂಡರು. ಆಮೇಲೆ ಹೋಗಿ ಸ್ಟೂಲುಗಳ ಮೇಲೆ ಕೂತರು. ಹೊಡೆದಾಟ ಏನೂ ಆಗಲಿಲ್ಲ. ಬಡಿಸುವ ಹೆಂಗಸರೇ ಗಾಬರಿಯಾಗಿ ಪಿಂಗಾಣಿ ತಟ್ಟೆಗಳನ್ನು ಕೈಬಿಡುತ್ತಿದ್ದರು, ಒಂದಾದ ಮೇಲೆ ಒಂದು ಫಳ್ ಅಂತ ಒಡೆಯುತ್ತಿತ್ತು, ನಾವು ನಗು ತಡೆದುಕೊಂಡು ಕೂತಿದ್ದೆವು ಅಂತ ಡಯಾನ್ ನ್ಯಾಶ್ ಮುಂದೆ ನೆನಪು ಮಾಡಿಕೊಂಡಿದ್ದಾರೆ. ಜೋರಾಗಿ ನಗಬೇಡಿ ಅನ್ನುವ ನಿಯಮ ಯಾಕೆ ಬೇಕಾಯಿತು ಅಂತ ಆಗ ನನಗೆ ಅರ್ಥವಾಯಿತು. ಮೊಮ್ಮಗಳಿಗೂ ಹೇಳಿದೆ. ಅವಳು ಮತ್ತೆ ನಕ್ಕಳು.

ಎರಡು ವಾರ ಕಳೆದು ಫೆಬ್ರವರಿ 27ಕ್ಕೆ ನಗುವ ಹಾಗಿರಲಿಲ್ಲ. ಪುಂಡರ ಗುಂಪು ನುಗ್ಗಿತು, ಪೊಲೀಸರು ಜಾಗ ಬಿಟ್ಟು ಸರಿದರು. ಸ್ಟೂಲಿನಿಂದ ಎಳೆದು ಹೊಡೆದರು, ಉರಿಯುವ ಸಿಗರೇಟನ್ನು ಬೆನ್ನಿಗೆ ಒತ್ತಿದರು. ಆಮೇಲೆ ಪೊಲೀಸರು ಬಂದು ಹಿಡಿದದ್ದು ಯಾರನ್ನು? ಹೊಡೆಸಿಕೊಂಡವರನ್ನು. ಒಂದು ಸಾಲು ಎದ್ದು ಪೊಲೀಸ್ ವ್ಯಾನ್ ಹತ್ತಿದರೆ ಹಿಂದಿನಿಂದ ಇನ್ನೊಂದು ಸಾಲು ಬಂದು ಅದೇ ಸ್ಟೂಲುಗಳ ಮೇಲೆ ಕೂರುತ್ತಿತ್ತು. ಅದೂ ತಾಲೀಮಿನಲ್ಲಿ ಮಾಡಿದ್ದೇ. ಆ ದಿನ 80ಕ್ಕೂ ಹೆಚ್ಚು ಜನರನ್ನು ಹಿಡಿದರು. ದಂಡ ಕಟ್ಟುವುದಿಲ್ಲ, ಜೈಲಿಗೇ ಹೋಗುತ್ತೇವೆ ಅಂದರು ಹುಡುಗರು.

ಲಾಸನ್ ಓದುತ್ತಿದ್ದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅವರನ್ನು ಹೊರಗೆ ಹಾಕಿತು. ಅವರ ಪರವಾಗಿ ಅಧ್ಯಾಪಕರು ರಾಜೀನಾಮೆ ಕೊಡುವ ತನಕ ಹೋಯಿತು. ಅದೇ ವಿಶ್ವವಿದ್ಯಾಲಯ 2006ರಲ್ಲಿ ಅವರನ್ನು ಪಾಠ ಹೇಳಲು ಕರೆಸಿಕೊಂಡಿತು. ಅವರು ಹೋದರು, ಹೇಳಿದರು. ನಾನಾಗಿದ್ದರೆ ಕನಿಷ್ಠ ಒಂದು ಕಟು ಪತ್ರವನ್ನಾದರೂ ಬರೆಯುತ್ತಿದ್ದೆ.

ಆ ದಿನಗಳ ಒಂದು ಪ್ರಸಂಗ ಇದೆ. ಚರ್ಮದ ಜಾಕೆಟ್ ಹಾಕಿದ ಒಬ್ಬ ತರುಣ ಲಾಸನ್ ಮುಖಕ್ಕೆ ಉಗುಳಿದ. ಲಾಸನ್ ಅವನ ಹತ್ತಿರ ಕರವಸ್ತ್ರ ಇದೆಯಾ ಅಂತ ಕೇಳಿದರು. ಅವನಿಗೆ ಏನು ಮಾಡಬೇಕೋ ತಿಳಿಯದೆ, ಕೈ ತಾನಾಗಿ ಜೇಬಿಗೆ ಹೋಗಿ, ತೆಗೆದುಕೊಟ್ಟ. ಇವರು ಮುಖ ಒರೆಸಿಕೊಂಡು, ಥ್ಯಾಂಕ್ಸ್ ಹೇಳಿ ವಾಪಸ್ ಕೊಟ್ಟರು. ಆಮೇಲೆ ಅವನ ಜಾಕೆಟ್ ನೋಡಿ, ನಿನ್ನ ಹತ್ತಿರ ಮೋಟಾರ್ ಸೈಕಲ್ ಇದೆಯಾ ಅಂತ ಕೇಳಿದರು. ಇತ್ತು. ಗಾಡಿಯ ಬಗ್ಗೆ ಅವನು ಮಾತಾಡತೊಡಗಿದ. ಎರಡು ನಿಮಿಷದ ಹಿಂದೆ ಉಗುಳಿದ್ದವನು!

ಇದನ್ನು ಓದಿದಾಗ ಮೊದಲು ನನಗೆ ಬಂದದ್ದು ಸಿಟ್ಟು. ಉಗುಳಿದವನ ಜೊತೆ ಬೈಕಿನ ಮಾತೇ? ಇದೇನು ಸಂತರ ಕತೆಯೇ? ಮತ್ತೆ ಓದಿದಾಗ ಸಂತರ ಕತೆ ಅನ್ನಿಸಲಿಲ್ಲ. ಕುಸ್ತಿಯ ಪಟ್ಟಿನ ಹಾಗೆ ಕಂಡಿತು. ಎದುರಾಳಿ ಮುಂದಕ್ಕೆ ನುಗ್ಗಿದ ಭಾರದಿಂದಲೇ ಅವನನ್ನು ಬೀಳಿಸುವ ಪಟ್ಟು ಇರುತ್ತದಲ್ಲ, ಅಂಥದ್ದು. ಅವನಿಗೆ ಎರಡೇ ಉತ್ತರ ಗೊತ್ತಿತ್ತು, ಹೆದರುವುದು ಅಥವಾ ಹೊಡೆಯುವುದು. ಲಾಸನ್ ಮೂರನೆಯದನ್ನು ಕೊಟ್ಟರು.

ಏಪ್ರಿಲ್ 19ರ ಬೆಳಗಿನ ಜಾವ ವಿದ್ಯಾರ್ಥಿಗಳ ವಕೀಲ ಅಲೆಕ್ಸಾಂಡರ್ ಲೂಬಿಯವರ ಮನೆಗೆ ಬಾಂಬ್ ಎಸೆದರು. ಗಂಡ ಹೆಂಡತಿ ಹೇಗೋ ಬದುಕಿದರು. ಅದೇ ದಿನ ಸಾವಿರಾರು ಜನ ಪಾಲಿಕೆಯ ಕಚೇರಿಗೆ ಮೆರವಣಿಗೆ ಹೋದರು. ಒಂದು ಘೋಷಣೆ ಇಲ್ಲ. ಬರೀ ಹೆಜ್ಜೆಯ ಸದ್ದು. ಮೆಟ್ಟಿಲ ಮೇಲೆ ಮೇಯರ್ ಬೆನ್ ವೆಸ್ಟ್. ಅವರು ಏನೇನೋ ಸಮಜಾಯಿಷಿ ಹೇಳಿದರು. ಡಯಾನ್ ನ್ಯಾಶ್ ಅವರನ್ನು ಮೇಯರ್ ಅಂತಲ್ಲ, ಒಬ್ಬ ಮನುಷ್ಯ ಅಂತ ಕೇಳಿದಳು: ಬಣ್ಣ ನೋಡಿ ಭೇದ ಮಾಡುವುದು ಸರಿಯೇ? ಸರಿಯಲ್ಲ ಅಂದರು ಮೇಯರ್. ಹಾಗಾದರೆ ಊಟದ ಕೌಂಟರುಗಳೂ ಎಲ್ಲರಿಗೂ ತೆರೆಯಬೇಕೇ? ಹೌದು ಅಂದರು. ಮೇ 10ರಂದು ನ್ಯಾಶ್‌ವಿಲ್‌ನ ಆರು ಅಂಗಡಿಗಳ ಕೌಂಟರಿನಲ್ಲಿ ಕರಿಯರು ಕೂತು ಊಟ ಮಾಡಿದರು. ಈ ನಡುವೆ ಕರಿಯರ ಮನೆಗಳು ಈಸ್ಟರ್ ಹಬ್ಬಕ್ಕೆ ಪೇಟೆಯಲ್ಲಿ ಬಟ್ಟೆ ಕೊಳ್ಳುವುದನ್ನೇ ನಿಲ್ಲಿಸಿದ್ದವು ಅನ್ನುವುದನ್ನೂ ಮರೆಯಬಾರದು. ಮೇಯರರ ಮನಸ್ಸಾಕ್ಷಿಗೂ ಅಂಗಡಿಗಳ ಗಲ್ಲಾಪೆಟ್ಟಿಗೆಗೂ ಒಟ್ಟಿಗೇ ಎಚ್ಚರವಾಯಿತು.

ಲಾಸನ್ ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ಚೆಂದ. ಆದರೆ ಮೆಂಫಿಸ್ ಇದೆ.

1968ರ ಫೆಬ್ರವರಿ 1. ನ್ಯಾಶ್‌ವಿಲ್ ಇರುವ ಟೆನೆಸಿ ರಾಜ್ಯದ್ದೇ ಪಶ್ಚಿಮ ತುದಿಯ ಮೆಂಫಿಸ್ ಊರಿನಲ್ಲಿ ಮಳೆ. ಇಬ್ಬರು ಕಸದ ಕೆಲಸಗಾರರು, ಎಕಲ್ ಕೋಲ್ ಮತ್ತು ರಾಬರ್ಟ್ ವಾಕರ್, ಮಳೆಗೆ ಕಸದ ಲಾರಿಯ ಹಿಂಭಾಗದಲ್ಲಿ ನಿಂತಿದ್ದರು. ಕಸ ಒತ್ತುವ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರನ್ನೂ ಒಳಗೆಳೆದು ಅರೆಯಿತು. ಹನ್ನೊಂದು ದಿನ ಕಳೆದು 1,300 ಕೆಲಸಗಾರರು ಮುಷ್ಕರ ಹೂಡಿದರು. ಲಾಸನ್ ಆಗ ಆ ಊರಿನಲ್ಲಿ ಪಾದ್ರಿ, ಮುಷ್ಕರದ ಬೆಂಬಲ ಸಮಿತಿಯ ಮುಖ್ಯಸ್ಥರು. ಕೆಲಸಗಾರರು ಎದೆಗೆ ಒಂದೇ ಮಾತಿನ ಫಲಕ ಹಿಡಿದು ನಡೆದರು: ನಾನು ಮನುಷ್ಯ.

ಕಸ ಎತ್ತುವವರು, ನಾನು ಮನುಷ್ಯ. ಇದನ್ನು ಓದುವಾಗ ಹುಬ್ಬಳ್ಳಿಯವನಿಗೆ ಸವಣೂರು ನೆನಪಾಗದೆ ಇರುತ್ತದೆಯೇ? 2010ರ ಜುಲೈ. ತಮ್ಮನ್ನು ಒಕ್ಕಲೆಬ್ಬಿಸುತ್ತಾರೆ ಅಂತ ಅಲ್ಲಿಯ ಭಂಗಿ ಸಮುದಾಯದ ಜನ ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು. ಅವರು ಯಾರನ್ನೂ ಮುಟ್ಟಲಿಲ್ಲ. ಪೇಪರಿನಲ್ಲಿ ಆ ಫೋಟೋ ನೋಡಿ ನಾನು ಪುಟ ಮಡಚಿಟ್ಟಿದ್ದೆ.

ಲಾಸನ್ ಕರೆದದ್ದಕ್ಕೆ ಕಿಂಗ್ ಮೆಂಫಿಸ್‌ಗೆ ಬಂದರು. ಮಾರ್ಚ್ 28ರ ಮೆರವಣಿಗೆಯಲ್ಲಿ ಇಬ್ಬರೂ ಮುಂದಿದ್ದರು. ಹಿಂದಿನಿಂದ ಗಾಜು ಒಡೆಯುವ ಸದ್ದು ಬಂತು. ಕೆಲವು ತರುಣರು ಫಲಕದ ಕೋಲು ಹಿಡಿದು ಅಂಗಡಿಗಳ ಗಾಜು ಒಡೆಯುತ್ತಿದ್ದರು. ಲಾಸನ್ ಮೆಗಾಫೋನ್ ಹಿಡಿದು ಎಲ್ಲರೂ ಚರ್ಚಿಗೆ ಹಿಂದಿರುಗಿ ಅಂತ ಕೂಗಿದರು. ಪೊಲೀಸರಿಗೆ ಅಷ್ಟೇ ಸಾಕಿತ್ತು. ಅಶ್ರುವಾಯು, ಲಾಠಿ. ಹದಿನಾರು ವರ್ಷದ ಲ್ಯಾರಿ ಪೇನ್ ಎಂಬ ಹುಡುಗ ಗುಂಡೇಟಿಗೆ ಸತ್ತ. ಆಮೇಲಿನ ಮಾತೆಲ್ಲ ಒಡೆದ ಗಾಜಿನದು. ಅರೆದುಹೋದ ಇಬ್ಬರನ್ನು ಎಷ್ಟು ಜನ ನೆನೆದರು?

ಎಂಟು ವರ್ಷ ಮುಂಚೆ ನ್ಯಾಶ್‌ವಿಲ್‌ನಲ್ಲಿ ಮೊದಲ ದಿನ ಕೂತವರು 124 ಜನ, ಅವರನ್ನು ಮುನ್ನಡೆಸಿದವರು ತಿಂಗಳುಗಟ್ಟಲೆ ತಾಲೀಮು ಮಾಡಿದ್ದವರು. ಮೆಂಫಿಸ್‌ನಲ್ಲಿ ನಡೆದವರು ಸಾವಿರಾರು, ಅದರಲ್ಲಿ ಎಷ್ಟೋ ಜನ ಆ ಬೆಳಿಗ್ಗೆಯೇ ಬಂದು ಸೇರಿಕೊಂಡವರು. ಎಲ್ಲರನ್ನೂ ನೆಲಮಾಳಿಗೆಗೆ ಕರೆದೊಯ್ದು ಕಲಿಸಲು ಲಾಸನ್ ಹತ್ತಿರ ಸಮಯ ಎಲ್ಲಿತ್ತು? ಗುಂಡಿಯನ್ನು ಕಿತ್ತವನಾಗಿ ಆ ಗಾಜು ಒಡೆದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಕೆಟ್ಟ ಹೆಸರು ಹೊತ್ತು ಬಿಟ್ಟುಹೋಗಲಾರೆ, ಇನ್ನೊಂದು ಮೆರವಣಿಗೆ ಶಾಂತಿಯಿಂದ ಮಾಡಿಯೇ ತೋರಿಸುತ್ತೇನೆ ಅಂತ ಕಿಂಗ್ ಮತ್ತೆ ಬಂದರು. ಏಪ್ರಿಲ್ 3ರ ರಾತ್ರಿಯ ಭಾಷಣದಲ್ಲಿ ಲಾಸನ್ ಹೆಸರು ಹಿಡಿದು ಹೊಗಳಿದರು, ವ್ಯಾಂಡರ್‌ಬಿಲ್ಟ್ ಹೊರಗೆ ಹಾಕಿದ್ದನ್ನೂ ನೆನೆದರು. ಮರುದಿನ ಸಂಜೆ ಲೊರೇನ್ ಮೋಟೆಲಿನ ಬಾಲ್ಕನಿಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಏಪ್ರಿಲ್ 16ಕ್ಕೆ ನಗರಸಭೆ ಕೆಲಸಗಾರರ ಸಂಘವನ್ನು ಒಪ್ಪಿಕೊಂಡಿತು. ಕರೆದವರು ಲಾಸನ್, ಬಂದು ಸತ್ತವರು ಕಿಂಗ್. ಆ ಭಾರ ಹೊತ್ತು ಲಾಸನ್ ಇನ್ನೂ ಐವತ್ತಾರು ವರ್ಷ ಬದುಕಿದರು.

ಹೇಗೆ ಬದುಕಿದರು ಅನ್ನುವುದಕ್ಕೆ ಒಂದೇ ಸಂಗತಿ ಹೇಳುತ್ತೇನೆ. ಕಿಂಗ್ ಕೊಲೆಗೆ ಶಿಕ್ಷೆಯಾದ ಜೇಮ್ಸ್ ಅರ್ಲ್ ರೇ ಇದ್ದನಲ್ಲ, ಅವನನ್ನು ನೋಡಲು ಲಾಸನ್ ಜೈಲಿಗೆ ಹೋಗುತ್ತಿದ್ದರು. ಅವನೇ ಕೊಂದವನು ಅನ್ನುವುದರ ಬಗ್ಗೆ ಅವರಿಗೆ ಅನುಮಾನವಿತ್ತು. 1978ರಲ್ಲಿ ಜೈಲಿನಲ್ಲೇ ರೇ ಮದುವೆಯಾದಾಗ ಮದುವೆ ಮಾಡಿಸಿದ ಪಾದ್ರಿ ಲಾಸನ್. ಇದನ್ನು ಹೇಳಿದಾಗ ಅಳಿಯ, "ಇದು ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ ಮಾವಾ?" ಅಂದ. ಅವನು ಮೈಸೂರಿನವನು. ನನಗೂ ಹಾಗೆಯೇ ಅನ್ನಿಸಿತು. ಆದರೆ ಆ ಕರವಸ್ತ್ರ ಕೇಳಿದ ಮನುಷ್ಯ ಇನ್ನೇನು ಮಾಡಿಯಾರು?

ಮುಂದೆ ಲಾಸ್ ಏಂಜಲೀಸ್‌ನಲ್ಲಿ ಪಾದ್ರಿಯಾಗಿ, ಹೋಟೆಲು ಕೆಲಸಗಾರರಿಗೆ, ಕಸಗುಡಿಸುವವರಿಗೆ, ವಲಸೆ ಬಂದವರಿಗೆ ಅದೇ ತಾಲೀಮು ಹೇಳಿಕೊಡುತ್ತಾ ಇದ್ದರು. 2024ರ ಜೂನ್‌ನಲ್ಲಿ 95ನೇ ವಯಸ್ಸಿಗೆ ತೀರಿಕೊಂಡರು.

ಲೈಬ್ರರಿಯಿಂದ ಬಂದ ಮರುದಿನ ಭಾನುವಾರ. ಮಗಳ ಅಡುಗೆಮನೆಯ ನಡುವೆ ಒಂದು ಕಟ್ಟೆ ಇದೆ, ಅದರ ಮುಂದೆ ಎತ್ತರದ ಸ್ಟೂಲು. ಮೊಮ್ಮಗಳಿಗೆ ಆಟ ಹೊಳೆಯಿತು. ಅಜ್ಜ ಸ್ಟೂಲಿನ ಮೇಲೆ ಕೂರಬೇಕು, ಉಳಿದವರು ಬೈಯಬೇಕು, ಅವಳು ಅಂಪೈರ್. ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಳು.

ಮೊದಲು ಅಳಿಯನ ಪಾಳಿ. ಅವನು ಎರಡು ಸಲ ಕೆಮ್ಮಿ, "ಮಾವಾ, ನೀವು... ನೀವು ಟಿವಿ ಸೌಂಡ್ ಸ್ವಲ್ಪ ಜೋರಾಗಿ ಇಡ್ತೀರಿ" ಅಂದ. ಅವನಿಂದ ಆಗುವ ಕೆಲಸವಲ್ಲ ಅದು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಕಟ್ಟೆಯ ಕಡೆ ಮುಖ ಮಾಡಿ, ಬೆನ್ನು ನೇರ ಇಟ್ಟು ಕೂತೇ ಇದ್ದೆ. ಮಗಳು ಅಂದದ್ದನ್ನೂ ಸಹಿಸಿದೆ. ಪಾಸಾದೆ ಅಂದುಕೊಂಡೆ.

ನನ್ನಾಕೆ ಆ ಕಡೆ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಹುಬ್ಬಳ್ಳಿಯಿಂದ ಹೊತ್ತು ತಂದ ಜೋಳದ ಹಿಟ್ಟು. ತಿರುಗಿ ನೋಡಲಿಲ್ಲ.

"ಆ ಜವಾನ ಮಗಳ ಲಗ್ನದ ಕಾರ್ಡ್ ಕೊಡಾಕ ಮನೀತನಕ ಬಂದಿದ್ದ" ಅಂದಳು. "ಯಾಕ ಹೋಗಲಿಲ್ರೀ ನೀವು?"

"ಅವತ್ತು ಆಡಿಟ್ ಇತ್ತಲ್ಲ, ನಾನೇನು ಬೇಕಂತ..."

"ಅಜ್ಜಾ!" ಮೊಮ್ಮಗಳು ಹಾಳೆ ಎತ್ತಿ ತೋರಿಸಿದಳು. "ನೀ ತಿರುಗಿದಿ. ಔಟ್!"

ಹೌದು, ತಿರುಗಿದ್ದೆ. ಒಂದು ಕಾಲು ಆಗಲೇ ನೆಲದ ಮೇಲಿತ್ತು. ರೊಟ್ಟಿ ಉಬ್ಬಿತ್ತು. ಅವಳು ಅದನ್ನು ಬುಟ್ಟಿಗೆ ಹಾಕಿ ಇನ್ನೊಂದು ಉಂಡೆ ತೆಗೆದುಕೊಂಡಳು.

"ಮತ್ತ ಮೊದಲಿಂದ" ಅಂದಳು ಮೊಮ್ಮಗಳು.

ನಾನು ಕಾಲು ಎತ್ತಿಟ್ಟುಕೊಂಡು ಕಟ್ಟೆಯ ಕಡೆ ಮುಖ ಮಾಡಿ ಕೂತೆ.